ಫಂಗಸ್ ಸೆಲ್ ಒಡೆಯೋದು ಹೇಗೆ: ಸಣ್ಣ ಲ್ಯಾಬಲ್ಲಿ ಕೆಲ್ಸ ಮಾಡೋರಿಗೆ

ಟೊಮೇಟೊ ಸೊರಗು ರೋಗದ ಫ್ಯುಸೇರಿಯಂ ಇರಲಿ, ಶ್ರೀನಿವಾಸಪುರದ ಮಾವಿಗೆ ಬರೋ ಚಿಬ್ಬು ರೋಗದ ಕೊಲೆಟೋಟ್ರೈಕಂ ಇರಲಿ, ರಾಗಿ ಬೆಂಕಿ ರೋಗದ್ದೇ ಇರಲಿ, ನಮ್ಮ ಕೋಲಾರ ಕಡೆ ಎಂಎಸ್ಸಿ ಪ್ರಾಜೆಕ್ಟ್ ಮಾಡೋ ಹುಡುಗ್ರು ಹುಡುಗೀರು ಒಂದಲ್ಲ ಒಂದು ಫಂಗಸ್ ಹಿಡ್ಕೊಂಡೇ ಕೂತಿರ್ತಾರೆ. ಪ್ಲೇಟಲ್ಲಿ ಬೆಳೆಸೋದು, ಪ್ಯೂರ್ ಕಲ್ಚರ್ ಮಾಡೋದು, ಮೈಕ್ರೋಸ್ಕೋಪಲ್ಲಿ ಸ್ಪೋರ್ ನೋಡಿ ಯಾವುದು ಅಂತ ಗುರುತು ಹಿಡಿಯೋದು, ಇಲ್ಲೀವರೆಗೂ ಚೆನ್ನಾಗೇ ಹೋಗ್ತದೆ. ಆಮೇಲೆ ಡಿಎನ್‌ಎ ತೆಗೀಬೇಕು, ಇಲ್ಲಾ ಒಳಗಿನ ಎನ್‌ಜೈಮ್ ತೆಗೀಬೇಕು ಅಂತ ಬಂದಾಗ ಕೆಲ್ಸ ನಿಂತುಬಿಡ್ತದೆ. ಬ್ಯಾಕ್ಟೀರಿಯಾಗೆ ಅಂತ ಬರೆದಿಟ್ಟಿರೋ ಪ್ರೋಟೋಕಾಲ್‌ನೇ ತಂದು ಇದಕ್ಕೂ ಹಾಕ್ತಾರೆ, ಲೈಸೋಜೈಮ್ ಹಾಕ್ತಾರೆ, ಗಂಟೆಗಟ್ಟಲೆ ಇಡ್ತಾರೆ, ಬಂದಿದೆಯಾ ಅಂತ ಜೆಲ್ ಓಡಿಸಿ ನೋಡಿದ್ರೆ ಬ್ಯಾಂಡೇ (ಡಿಎನ್‌ಎ ಗೆರೆ) ಇರಲ್ಲ. ಬರೋದಾದ್ರೂ ಹೇಗೆ ಹೇಳಿ, ಲೈಸೋಜೈಮ್ ಕಡಿಯೋದು ಪೆಪ್ಟಿಡೋಗ್ಲೈಕಾನ್ ಅನ್ನೋ ಪದಾರ್ಥನ, ಅದು ಇರೋದು ಬ್ಯಾಕ್ಟೀರಿಯಾ ಗೋಡೆಯಲ್ಲಿ, ಫಂಗಸ್ ಗೋಡೆಯಲ್ಲಿ ಅದು ಇಲ್ಲವೇ ಇಲ್ಲ.

ಹಂಗಾದ್ರೆ ಫಂಗಸ್ ಗೋಡೆಯಲ್ಲಿ ಏನಿದೆ? ಮುಖ್ಯವಾಗಿ ಬೀಟಾ ಗ್ಲೂಕಾನ್ (ಗ್ಲೂಕೋಸ್ ಸರಪಳಿ) ಮತ್ತೆ ಕೈಟಿನ್, ಹೊರಗಡೆ ಪದರದಲ್ಲಿ ಸಕ್ಕರೆ ಅಂಟ್ಕೊಂಡಿರೋ ಪ್ರೋಟೀನ್‌ಗಳು. ಕೈಟಿನ್ ಅಂದ್ರೆ ಸೀಗಡಿ, ಏಡಿ, ಜೀರುಂಡೆ ಚಿಪ್ಪಲ್ಲಿ ಇರೋದೇ. ಯೀಸ್ಟಲ್ಲಿ ಕೈಟಿನ್ ತುಂಬಾ ಕಮ್ಮಿ, ಗೋಡೆ ತೂಕದ ನೂರಕ್ಕೆ ಒಂದೆರಡು ಭಾಗ ಅಷ್ಟೇ. ಎಳೆ ಎಳೆಯಾಗಿ ಬೆಳೆಯೋ ಫ್ಯುಸೇರಿಯಂ, ಆಸ್ಪರ್ಜಿಲಸ್ ಥರದವುಗಳಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಅದಕ್ಕೇ ಯೀಸ್ಟಿಗೆ ಅಂತ ಬರೆದಿರೋ ವಿಧಾನ ಎಲ್ಲಾ ಸಲ ಮೈಸೀಲಿಯಂಗೆ, ಅಂದ್ರೆ ಈ ಎಳೆಗಳ ಬಲೆಗೆ, ಕೆಲ್ಸ ಮಾಡಲ್ಲ. ಆಲ್ಟರ್‌ನೇರಿಯಾ ಥರ ಕಪ್ಪಗಿರೋ ಫಂಗಸ್ ಆದ್ರೆ ಗೋಡೆಯಲ್ಲಿ ಮೆಲನಿನ್ ಬೇರೆ ಸೇರ್ಕೊಂಡಿರ್ತದೆ, ಅದು ಗೋಡೆನೂ ಗಟ್ಟಿ ಮಾಡ್ತದೆ, ಆಮೇಲೆ ಪಿಸಿಆರ್‌ಗೂ (ಡಿಎನ್‌ಎ ಪ್ರತಿ ಹೆಚ್ಚಿಸೋ ವಿಧಾನ) ಅಡ್ಡ ಬರ್ತದೆ. ಎಲ್ಲಕ್ಕಿಂತ ಗಟ್ಟಿ ಸ್ಪೋರ್. ಸ್ಪೋರ್ ತುಂಬಿರೋ ಹಳೇ ಪ್ಲೇಟಿಂದ ಕೆರೆದು ತೆಗೆದ್ರೆ ಅರ್ಧಕ್ಕರ್ಧ ಒಡೆಯದೇ ಉಳ್ಕೊಳ್ತದೆ.

ಇನ್ನೊಂದು ವಿಷ್ಯ ಇಲ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಟೊಮೇಟೊ ಮೇಲೆ ಕೆಲ್ಸ ಮಾಡೋರು ಇದರಲ್ಲಿ ತುಂಬಾ ಜನ ಸಿಕ್ಕಾಕ್ಕೊಳ್ತಾರೆ. ಕೊನೆ ಅಂಗಮಾರಿ ತರೋ ಫೈಟಾಫ್ಥೊರಾ ನೋಡೋಕೆ ಫಂಗಸ್ ಥರಾನೇ ಕಂಡ್ರೂ ಅದು ನಿಜವಾದ ಫಂಗಸ್ ಅಲ್ಲ, ಊಮೈಸೀಟ್ ಅನ್ನೋ ಬೇರೆ ಗುಂಪು. ಅದರ ಗೋಡೆ ಸೆಲ್ಯುಲೋಸ್ ಮತ್ತೆ ಗ್ಲೂಕಾನ್‌ದು, ಕೈಟಿನ್ ಇಲ್ಲ ಅನ್ನೋಷ್ಟು ಕಮ್ಮಿ. ಕೈಟಿನೇಸ್ ತಂದು ಹಾಕಿದ್ರೆ ದುಡ್ಡು ದಂಡ, ಅದಕ್ಕೆ ಸೆಲ್ಯುಲೇಸ್ ಬೇಕು. ಅರೆದು ಒಡೆಯೋದಾದ್ರೆ ಮಾತ್ರ ಎರಡಕ್ಕೂ ಒಂದೇ ದಾರಿ.

ಏನು ತೆಗೀಬೇಕು ಅನ್ನೋದು ಮೊದ್ಲು

ನಾನು ಎಲ್ರಿಗೂ ಮೊದ್ಲು ಕೇಳೋದು ಇದನ್ನೇ, ಒಡೆದು ಒಳಗಿಂದ ಏನು ತಗೊಳ್ಬೇಕು ನಿಮಗೆ? ಬರೀ ಪಿಸಿಆರ್‌ಗೆ ಚೂರು ಡಿಎನ್‌ಎ ಸಾಕಾ, ಉದ್ದುದ್ದ ಡಿಎನ್‌ಎ ಬೇಕಾ, ಆರ್‌ಎನ್‌ಎನಾ, ಕೆಲ್ಸ ಮಾಡೋ ಸ್ಥಿತಿಯಲ್ಲಿರೋ ಎನ್‌ಜೈಮಾ, ಇಲ್ಲಾ ಜೆಲ್ ಮೇಲೆ ಓಡಿಸೋಕೆ ಪ್ರೋಟೀನ್ ಆದ್ರೆ ಸಾಕಾ. ಒಂದೊಂದಕ್ಕೂ ಒಂದೊಂದು ದಾರಿ. ಜೋರಾಗಿ ಒಡೆದಷ್ಟೂ ಒಳ್ಳೇದು ಅನ್ಕೊಂಡವ್ರಿಗೆ ಡಿಎನ್‌ಎ ತುಂಡು ತುಂಡಾಗಿ ಸಿಗ್ತದೆ, ಎನ್‌ಜೈಮ್ ಬಿಸಿಗೆ ಸತ್ತು ಸಿಗ್ತದೆ.

ಇನ್ನು ಕೆಲವು ಸಲ ಒಡೆಯೋದೇ ಬೇಕಾಗಿರಲ್ಲ. ಅಮೈಲೇಸ್, ಸೆಲ್ಯುಲೇಸ್, ಪೆಕ್ಟಿನೇಸ್ ಇವನ್ನೆಲ್ಲಾ ಫಂಗಸ್ಸೇ ಹೊರಗಡೆ ಮೀಡಿಯಾಗೆ ಬಿಡ್ತದೆ, ತನ್ನ ಊಟನ ಹೊರಗೇ ಕರಗಿಸ್ಕೊಂಡು ಆಮೇಲೆ ಹೀರ್ಕೊಳ್ಳೋ ಜೀವಿ ಅದು. ಈ ಎನ್‌ಜೈಮ್‌ಗಳಿಗೆ ಬ್ರಾತನ್ನ (ಫಂಗಸ್ ಬೆಳೆದ ದ್ರವ ಮೀಡಿಯಾ) ಸೋಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿ ತಗೊಂಡ್ರೆ ಮುಗೀತು. ಮೈಸೀಲಿಯಂ ಅರೆದು ಹಾಕಿದ್ರೆ ಒಳಗಿನ ಸಾವಿರ ಪ್ರೋಟೀನ್ ಬಂದು ಸೇರ್ಕೊಂಡು ಕ್ಲೀನ್ ಮಾಡೋಕೆ ಇನ್ನೂ ಕಷ್ಟ ಆಗ್ತದೆ. ಗೈಡ್ ಹತ್ರ ಒಂದು ಮಾತು ಕೇಳಿ, ನನ್ನ ಎನ್‌ಜೈಮ್ ಒಳಗಿನದಾ ಹೊರಗಿನದಾ ಅಂತ. ವಾರಗಟ್ಟಲೆ ಕೆಲ್ಸ ಉಳಿತದೆ.

ಎಳೇ ಬೆಳೆ ತಗೊಳ್ಳಿ

ಒಡೆಯೋದು ಸುಲಭ ಆಗ್ಬೇಕು ಅಂದ್ರೆ ಅರ್ಧ ಕೆಲ್ಸ ಬೆಳೆಸೋ ಹೊತ್ತಿಗೇ ಆಗಿರ್ಬೇಕು. ಅಗಾರ್ ಪ್ಲೇಟ್ ಬಿಟ್ಟು ಬ್ರಾತಲ್ಲಿ ಬೆಳೆಸಿ. ಪಿಡಿಬಿ (ಆಲೂಗಡ್ಡೆ ಡೆಕ್ಸ್‌ಟ್ರೋಸ್ ಬ್ರಾತ್) ಕೊಂಡು ತರೋಕೆ ದುಡ್ಡಿಲ್ಲ ಅಂದ್ರೆ ಸಿಪ್ಪೆ ತೆಗೆದ 200 ಗ್ರಾಂ ಆಲೂಗಡ್ಡೆ ಹೆಚ್ಚಿ ಬೇಯಿಸಿ, ರಸ ಸೋಸಿ, 20 ಗ್ರಾಂ ಡೆಕ್ಸ್‌ಟ್ರೋಸ್ ಹಾಕಿ, ಒಂದು ಲೀಟರಿಗೆ ನೀರು ಮಾಡಿ ಆಟೋಕ್ಲೇವ್ ಮಾಡಿದ್ರೆ ಅದೇ ಪಿಡಿಬಿ. 25ರಿಂದ 28 ಡಿಗ್ರಿಯಲ್ಲಿ ಶೇಕರ್ ಮೇಲೆ 120 ಆರ್‌ಪಿಎಂ ಸುಮಾರಿಗೆ ಇಡಿ, ಫ್ಯುಸೇರಿಯಂ ಥರ ಬೇಗ ಬೆಳೆಯೋವು ಮೂರ್ನಾಲ್ಕು ದಿನಕ್ಕೆ ಸಾಕಷ್ಟು ಬಂದಿರ್ತವೆ. ಶೇಕರ್ ಇಲ್ಲಾಂದ್ರೆ ಅಗಲ ತಳದ ಫ್ಲಾಸ್ಕಲ್ಲಿ ತೆಳ್ಳಗೆ ಬ್ರಾತ್ ಹಾಕಿ ಸುಮ್ನೆ ಇಡಿ, ಮೇಲೆ ಚಾಪೆ ಥರ ಕಟ್ಕೊಳ್ತದೆ, ಸ್ಪೋರ್ ಬಂದು ಬಣ್ಣ ತಿರುಗೋಕೆ ಮುಂಚೆ ತೆಗೀರಿ. ಹಳೇದಾದಷ್ಟೂ ಗೋಡೆ ದಪ್ಪ, ಲೋಳೆ ಥರದ ಪಾಲಿಸ್ಯಾಕರೈಡ್ ಜಾಸ್ತಿ, ಬಣ್ಣ ಜಾಸ್ತಿ. ಚೆನ್ನಾಗಿ ಬೆಳೀಲಿ ಅಂತ ಎರಡು ವಾರ ಬಿಡೋ ಅಭ್ಯಾಸ ಇದೆ ಕೆಲವ್ರಿಗೆ, ದಯವಿಟ್ಟು ಬೇಡ.

ತೆಗೆದ ಮೈಸೀಲಿಯಂನ ಮಸ್ಲಿನ್ ಬಟ್ಟೆ ಇಲ್ಲಾ ವಾಟ್‌ಮನ್ ನಂಬರ್ 1 ಪೇಪರ್ ಮೇಲೆ ಸೋಸಿ, ಸ್ಟೆರೈಲ್ ನೀರಲ್ಲಿ ಎರಡು ಮೂರು ಸಲ ತೊಳೆದು, ಫಿಲ್ಟರ್ ಪೇಪರ್ ಪದರಗಳ ಮಧ್ಯ ಇಟ್ಟು ಒತ್ತಿ ನೀರು ತೆಗೀಬೇಕು. ಈ ಒತ್ತೋ ಹೆಜ್ಜೆನ ಎಲ್ರೂ ಹಗುರವಾಗಿ ತಗೊಳ್ತಾರೆ. ಒದ್ದೆ ಉಳಿದ್ರೆ ಎರಡು ತೊಂದ್ರೆ, ಒಂದು ಲಿಕ್ವಿಡ್ ನೈಟ್ರೋಜನ್ ಹಾಕಿದಾಗ ಐಸ್ ಗಡ್ಡೆ ಆಗಿ ಪೆಸ್ಟಲ್ ಜಾರ್ತದೆ, ಇನ್ನೊಂದು ಆಮೇಲೆ ಹಾಕೋ ಬಫರಿನ ಉಪ್ಪು ತೆಳುವಾಗಿಹೋಗ್ತದೆ. ಸಿಟಿಎಬಿ ಅನ್ನೋ ಡಿಟರ್ಜೆಂಟ್ ಹಾಕಿ ಡಿಎನ್‌ಎ ತೆಗೆಯೋ ವಿಧಾನದಲ್ಲಿ ಉಪ್ಪು ಕಮ್ಮಿ ಆದ್ರೆ ಸಿಟಿಎಬಿನೇ ಡಿಎನ್‌ಎ ಜೊತೆ ಸೇರಿ ಕೆಳಗೆ ಕೂತುಬಿಡ್ತದೆ, ಹುಡುಕಿದ್ರೂ ಸಿಗಲ್ಲ.

ಲಿಕ್ವಿಡ್ ನೈಟ್ರೋಜನ್ನಲ್ಲಿ ಅರೆಯೋದು

ಎಳೆ ಫಂಗಸ್‌ಗೆ, ಅಂದ್ರೆ ಎಳೆ ಎಳೆಯಾಗಿ ಬೆಳೆಯೋದಕ್ಕೆ, ಇದಕ್ಕಿಂತ ನಂಬಿಕಸ್ಥ ವಿಧಾನ ನನಗೆ ಇನ್ನೊಂದು ಗೊತ್ತಿಲ್ಲ. ಮೈನಸ್ 196 ಡಿಗ್ರಿಯಲ್ಲಿ ಮೈಸೀಲಿಯಂ ಗಾಜಿನ ಥರ ಪಟಪಟ ಅಂತ ಮುರೀತದೆ, ಮೇಲಾಗಿ ಆ ಚಳಿಗೆ ಡಿಎನ್‌ಎ ಆರ್‌ಎನ್‌ಎ ಪ್ರೋಟೀನ್ ಕಡಿಯೋ ಎನ್‌ಜೈಮ್‌ಗಳೆಲ್ಲಾ ಕೈಕಟ್ಟಿ ಕೂತಿರ್ತವೆ. ಅದಕ್ಕೇ ಮೂರಕ್ಕೂ ಇದು ಆಗ್ತದೆ.

ನಮ್ಮ ಕಡೆ ಎಲ್ಲಿ ಸಿಗ್ತದೆ ಅಂತ ಕೇಳ್ತಾರೆ. ಕೋಲಾರ ಚಿಕ್ಕಬಳ್ಳಾಪುರ ಅಂದ್ರೆ ಹಾಲಿನ ಸೀಮೆ, ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡೋ ಕಡೆ ಎಲ್ಲಾ ಸೆಮೆನ್ ಸ್ಟ್ರಾಗಳನ್ನ ಇಟ್ಟಿರೋದು ಲಿಕ್ವಿಡ್ ನೈಟ್ರೋಜನ್ ಕ್ಯಾನಲ್ಲೇ. ಪಶು ಆಸ್ಪತ್ರೆಯಲ್ಲಿ ಹೋಗಿ ಅವ್ರಿಗೆ ಸಪ್ಲೈ ಎಲ್ಲಿಂದ ಬರ್ತದೆ ಅಂತ ವಿಚಾರಿಸಿ, ಕಾಲೇಜಿಂದ ಲೆಟರ್ ತಗೊಂಡು ಆ ಸಪ್ಲೈಯರ್ ಹತ್ರ ಕೇಳಿ. ಆದ್ರೆ ಅವ್ರ ಕ್ಯಾನಿಂದಲೇ ಸ್ವಲ್ಪ ಕೊಡಿ ಅಂತ ಮಾತ್ರ ಕೇಳ್ಬೇಡಿ, ಅದರಲ್ಲಿ ಮಟ್ಟ ಇಳಿದ್ರೆ ಸ್ಟ್ರಾ ಎಲ್ಲಾ ಹಾಳಾಗಿ ಊರಿನ ಹಸುಗಳಿಗೆ ತೊಂದ್ರೆ.

ತರೋದು ಅದಕ್ಕೇ ಅಂತ ಮಾಡಿರೋ ಕ್ಯಾನಲ್ಲೇ ಆಗ್ಬೇಕು, ಬಿಗಿ ಮುಚ್ಚಳ ಇರೋ ಫ್ಲಾಸ್ಕಲ್ಲಿ ಯಾವ ಕಾರಣಕ್ಕೂ ಬೇಡ. ಒಂದು ಲೀಟರ್ ದ್ರವ ಆವಿಯಾದ್ರೆ ಸುಮಾರು 700 ಲೀಟರ್ ಗ್ಯಾಸ್ ಆಗ್ತದೆ, ಮುಚ್ಚಿದ್ರೆ ಸಿಡೀತದೆ. ಆಟೋ ಒಳಗೆ, ಕಿಟಕಿ ಹಾಕಿರೋ ಕಾರೊಳಗೆ, ಮನುಷ್ಯರಿರೋ ಲಿಫ್ಟೊಳಗೆ ಒಯ್ಯಬೇಡಿ, ಉಸಿರಾಡೋ ಗಾಳಿನ ಅದು ಹೊರಗೆ ತಳ್ತದೆ, ವಾಸನೆ ಇಲ್ಲ ಬಣ್ಣ ಇಲ್ಲ, ಗೊತ್ತೇ ಆಗಲ್ಲ. ಲ್ಯಾಬಲ್ಲಿ ಕಿಟಕಿ ಬಾಗಿಲು ತೆಗೆದಿರಿ, ಕನ್ನಡಕ ಹಾಕಿ, ಸಡಿಲವಾದ ಕ್ರಯೋ ಗ್ಲವ್ಸ್ ಹಾಕಿ. ಒದ್ದೆ ಬಟ್ಟೆ ಗ್ಲವ್ಸ್ ಬರಿಗೈಗಿಂತ ಕೆಟ್ಟದ್ದು, ಚರ್ಮಕ್ಕೆ ಅಂಟ್ಕೊಂಡುಬಿಡ್ತದೆ. ಚಪ್ಪಲಿ ಬೇಡ, ಮುಚ್ಚಿದ ಶೂ.

ಈಗ ಅರೆಯೋದು. ಪಿಂಗಾಣಿ ಮಾರ್ಟರ್ ಪೆಸ್ಟಲ್‌ನ ಹಿಂದಿನ ರಾತ್ರಿಯೇ ಫ್ರೀಜರಲ್ಲಿಡಿ. ಬೆಳಿಗ್ಗೆ ತೆಗೆದು ಸ್ವಲ್ಪ ಸ್ವಲ್ಪ ನೈಟ್ರೋಜನ್ ಹಾಕಿ ಕುದಿಯೋದು ನಿಲ್ಲೋವರೆಗೂ ತಣ್ಣಗೆ ಮಾಡಿ, ಒಂದೇ ಸಲ ಸುರಿದ್ರೆ ಬಿರುಕು ಬಿಡ್ತದೆ. 100 ಮಿಲಿಗ್ರಾಂ ಸುಮಾರು ಮೈಸೀಲಿಯಂ ಹಾಕಿ, ಮೇಲೆ ನೈಟ್ರೋಜನ್ ಹಾಕಿ, ಮೊದ್ಲು ಕುಟ್ಟಿ ಆಮೇಲೆ ಸುತ್ತಿಸಿ ಅರೆಯಿರಿ. ಮೊದ್ಲೇ ಸುತ್ತಿಸೋಕೆ ಹೋದ್ರೆ ಚೂರೆಲ್ಲಾ ಹಾರಿ ಹೊರಗೆ ಬೀಳ್ತದೆ. ನೈಟ್ರೋಜನ್ ಆವಿಯಾಗ್ತಾ ಬಂದಂಗೆ ಮತ್ತೆ ಹಾಕ್ತಾ ಇರಿ, ಒಂದು ಕ್ಷಣನೂ ಕರಗೋಕೆ ಬಿಡ್ಬೇಡಿ. ಎಷ್ಟು ಅರೆದ್ರೆ ಸಾಕು ಅಂದ್ರೆ ರಾಗಿ ಹುರಿಹಿಟ್ಟಿನಷ್ಟು ನುಣ್ಣಗೆ ಆಗಿ ಪೆಸ್ಟಲ್ ಅಡಿ ಕರಕರ ಅನ್ನೋದು ನಿಲ್ಬೇಕು. ಆ ಪುಡಿನ ತಣ್ಣಗಿರೋ ಸ್ಪ್ಯಾಚುಲಾದಲ್ಲಿ ತೆಗೆದು ಟ್ಯೂಬಿಗೆ ಹಾಕಿ, ಆದ್ರೆ ನೈಟ್ರೋಜನ್ ಪೂರ್ತಿ ಆವಿಯಾಗೋ ತನಕ ಮುಚ್ಚಳ ಒತ್ಬೇಡಿ.

ಇಲ್ಲಿಂದ ಮುಂದೆ ಡಿಎನ್‌ಎ ಬೇಕಾದವ್ರು 65 ಡಿಗ್ರಿಗೆ ಕಾಯಿಸಿರೋ ಸಿಟಿಎಬಿ ಬಫರ್ 600ರಿಂದ 700 ಮೈಕ್ರೋಲೀಟರ್ ತಕ್ಷಣ ಹಾಕಿ. ಬಫರ್ ಅಂದ್ರೆ ಸಿಟಿಎಬಿ ನೂರಕ್ಕೆ 2, ಸೋಡಿಯಂ ಕ್ಲೋರೈಡ್ 1.4 ಮೋಲಾರ್, ಟ್ರಿಸ್ 100 ಮಿಲಿಮೋಲಾರ್ ಪಿಹೆಚ್ 8, ಇಡಿಟಿಎ 20 ಮಿಲಿಮೋಲಾರ್, ಬಳಸೋಕೆ ಮುಂಚೆ ಮಾತ್ರ ಬೀಟಾ ಮರ್ಕ್ಯಾಪ್ಟೋಎಥನಾಲ್ ನೂರಕ್ಕೆ 0.2. ಕಪ್ಪು ಫಂಗಸ್ ಆದ್ರೆ, ಇಲ್ಲಾ ತುಮಕೂರು ಕಡೆ ತೆಂಗಿನ ತೋಟದ ಅಣಬೆ ರೋಗದ ಗ್ಯಾನೋಡರ್ಮಾ ಆದ್ರೆ, ಪಿವಿಪಿ ನೂರಕ್ಕೆ ಒಂದೋ ಎರಡೋ ಸೇರಿಸಿ, ಅದು ಫೀನಾಲಿಕ್ ಬಣ್ಣಗಳನ್ನ ಹಿಡ್ಕೊಳ್ತದೆ. 65 ಡಿಗ್ರಿ ವಾಟರ್ ಬಾತಲ್ಲಿ ಅರ್ಧದಿಂದ ಒಂದು ಗಂಟೆ, ಮಧ್ಯ ಮಧ್ಯ ಮೆತ್ತಗೆ ಮಗುಚಿ, ವೋರ್ಟೆಕ್ಸ್ ಬೇಡ. ತಣ್ಣಗಾದ್ಮೇಲೆ ಅಷ್ಟೇ ಪ್ರಮಾಣ ಕ್ಲೋರೋಫಾರ್ಮ್ ಐಸೋಅಮೈಲ್ ಆಲ್ಕೋಹಾಲ್ 24ಕ್ಕೆ 1 ಮಿಶ್ರಣ ಹಾಕಿ ಮಗುಚಿ, 12,000 ಆರ್‌ಪಿಎಂ 10 ನಿಮಿಷ, ಮೇಲಿನ ಪದರ ಮಾತ್ರ ತಗೊಳ್ಳಿ, ಮಧ್ಯದ ಬಿಳಿ ಪೊರೆ ಮುಟ್ಟೋ ಹತ್ರ ಬಂದಾಗ ನಿಲ್ಸಿ, ಆಸೆ ಪಡ್ಬೇಡಿ. ಅದಕ್ಕೆ ಮುಕ್ಕಾಲಿಗಿಂತ ಸ್ವಲ್ಪ ಕಮ್ಮಿ ಐಸೋಪ್ರೊಪನಾಲ್, ಸೆಂಟ್ರಿಫ್ಯೂಜ್, ನೂರಕ್ಕೆ 70 ಎಥನಾಲಲ್ಲಿ ತೊಳೆಯೋದು, ಗಾಳಿಗೆ ಒಣಗಿಸಿ 50 ಮೈಕ್ರೋಲೀಟರ್ ಟಿಇಯಲ್ಲಿ (ಟ್ರಿಸ್ ಇಡಿಟಿಎ ಬಫರ್) ಕರಗಿಸೋದು, ಆರ್‌ಎನ್‌ಎ ಕಡಿಯೋ ಆರ್‌ಎನ್‌ಏಸ್ ಹಾಕೋದು, ಇದೆಲ್ಲಾ ಗೊತ್ತಿರೋದೇ. ಚಳಿಗಾಲದಲ್ಲಿ ಕೋಲಾರದಲ್ಲಿ ಬೆಳಿಗ್ಗೆ ಹೊತ್ತು ಸಿಟಿಎಬಿ ಬಾಟಲಲ್ಲಿ ಬಿಳಿ ಹರಳು ಕಾಣಿಸಿದ್ರೆ ಕೆಟ್ಟಿಲ್ಲ, ಚಳಿಗೆ ಹಂಗಾಗ್ತದೆ, ಬೆಚ್ಚಗೆ ಮಾಡಿ ಕರಗಿಸ್ಕೊಳ್ಳಿ.

ಆರ್‌ಎನ್‌ಎ ಬೇಕಾದವ್ರು ಪುಡಿನ ಸೀದಾ ಟ್ರೈಜಾಲ್‌ಗೆ (ಆರ್‌ಎನ್‌ಎ ತೆಗೆಯೋ ರೆಡಿ ದ್ರಾವಣ) ಹಾಕಿ, ಕರಗೋಕೆ ಮುಂಚೆ. ಆರ್‌ಎನ್‌ಎಗೆ ನೈಟ್ರೋಜನ್ ಇಲ್ಲದೇ ಕೈ ಹಾಕೋದನ್ನ ನಾನು ಒಪ್ಪಲ್ಲ.

ನೈಟ್ರೋಜನ್ ಸಿಗಲಿಲ್ಲ ಅಂದ್ರೆ

ಆಗ ಒಣಗಿಸಿ ಅರೆಯೋದು ಒಳ್ಳೇ ದಾರಿ. ಲಯೋಫಿಲೈಸರ್ (ಹೆಪ್ಪುಗಟ್ಟಿಸಿ ಒಣಗಿಸೋ ಮಷೀನ್) ಇದ್ರೆ ರಾಜಯೋಗ, ಒಂದು ರಾತ್ರಿ ಒಣಗಿಸಿದ ಮೈಸೀಲಿಯಂ ಟ್ಯೂಬಲ್ಲೇ ಎರಡು ಮೂರು ದಪ್ಪ ಮಣಿ ಹಾಕಿ ಅಲ್ಲಾಡಿಸಿದ್ರೆ ಪುಡಿ ಆಗ್ತದೆ. ಅದಿಲ್ಲಾಂದ್ರೆ ಚೆನ್ನಾಗಿ ಒತ್ತಿದ ಮೈಸೀಲಿಯಂನ ಸಿಲಿಕಾ ಜೆಲ್ ಹಾಕಿರೋ ಡೆಸಿಕೇಟರಲ್ಲಿ ಗರಿಗರಿ ಆಗೋ ತನಕ ಇಟ್ಟು, ತೊಳೆದು ಆಟೋಕ್ಲೇವ್ ಮಾಡಿದ ನುಣ್ಣನೆ ಮರಳು ಒಂದು ಚಿಟಿಕೆ ಹಾಕಿ ಮಾರ್ಟರಲ್ಲಿ ಅರೆದ್ರೆ ಪಿಸಿಆರ್‌ಗೆ ಸಾಕಾಗೋಷ್ಟು ಡಿಎನ್‌ಎ ಆರಾಮಾಗಿ ಬರ್ತದೆ. ಒಣಗಿಸೋಕೂ ಟೈಮ್ ಇಲ್ಲಾಂದ್ರೆ ಹಸಿಯಾಗೇ ಮರಳು ಮತ್ತೆ ಬಿಸಿ ಸಿಟಿಎಬಿ ಹಾಕಿ ಅರೆಯಿರಿ, ಬಫರ್ ಒಳಗಿರೋ ಇಡಿಟಿಎ ಡಿಎನ್‌ಎ ಕಡಿಯೋ ಡಿಎನ್‌ಏಸ್ ಎನ್‌ಜೈಮ್‌ನ ತಡೀತದೆ.

ಬರೀ ಯಾವ ಫಂಗಸ್ ಅಂತ ಗುರುತಿಸೋಕೆ ಐಟಿಎಸ್ ಅನ್ನೋ ಡಿಎನ್‌ಎ ಭಾಗ ಪಿಸಿಆರ್ ಮಾಡೋದಾದ್ರೆ ಇಷ್ಟೆಲ್ಲಾ ಬೇಡ. ಪ್ಲೇಟಿನ ಅಂಚಿನ ಎಳೇ ಮೈಸೀಲಿಯಂ ಟೂತ್‌ಪಿಕ್ ತುದಿಯಷ್ಟು ತಗೊಂಡು 50 ಮೈಕ್ರೋಲೀಟರ್ ಟಿಇಯಲ್ಲಿ ಹಾಕಿ ಕುದಿಸಿ ಇಲ್ಲಾ ಮೈಕ್ರೋವೇವಲ್ಲಿ ಸ್ವಲ್ಪ ಹೊತ್ತು ಇಟ್ಟು, ಸ್ಪಿನ್ ಮಾಡಿ ಮೇಲಿನದು ಒಂದು ಮೈಕ್ರೋಲೀಟರ್ ಹಾಕಿದ್ರೆ ಎಷ್ಟೋ ಸಲ ಬ್ಯಾಂಡ್ ಬರ್ತದೆ. ಬರಲಿಲ್ಲ ಅಂದ್ರೆ ಜಾಸ್ತಿ ಹಾಕೋಕೆ ಹೋಗ್ಬೇಡಿ, ಹತ್ತು ಪಟ್ಟು ತೆಳು ಮಾಡಿ ಹಾಕಿ ನೋಡಿ. ಡಿಎನ್‌ಎ ಕಮ್ಮಿ ಇರೋದಕ್ಕಿಂತ ಅಡ್ಡ ಬರೋ ಪದಾರ್ಥ ಜಾಸ್ತಿ ಇರೋದೇ ಹೆಚ್ಚು.

ಯೀಸ್ಟ್ ಆದ್ರೆ ಇನ್ನೂ ಸುಲಭ. ಲಿಥಿಯಂ ಅಸಿಟೇಟ್ 200 ಮಿಲಿಮೋಲಾರ್, ಎಸ್‌ಡಿಎಸ್ (ಒಂದು ಡಿಟರ್ಜೆಂಟ್) ನೂರಕ್ಕೆ 1, ಇದರ 100 ಮೈಕ್ರೋಲೀಟರಲ್ಲಿ ಒಂದು ಕಾಲನಿ ಕದಡಿ 70 ಡಿಗ್ರಿ 5 ನಿಮಿಷ, 300 ಮೈಕ್ರೋಲೀಟರ್ ಎಥನಾಲ್ ಹಾಕಿ ಸ್ಪಿನ್, ತೊಳೆದು ಟಿಇಯಲ್ಲಿ ಕರಗಿಸಿ, ಕಸ ಕೆಳಗಿಳಿಸಿ ಮೇಲಿನದು ಪಿಸಿಆರ್‌ಗೆ. ಯೀಸ್ಟ್ ಪ್ರೋಟೀನ್ ಜೆಲ್‌ಗೆ ಬೇಕು ಅಂದ್ರೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಲ್ಲಿ 5 ನಿಮಿಷ ಇಟ್ಟು, ಸ್ಪಿನ್ ಮಾಡಿ ಅದನ್ನ ಚೆಲ್ಲಿ, ಎಸ್‌ಡಿಎಸ್ ಸ್ಯಾಂಪಲ್ ಬಫರಲ್ಲಿ 3 ನಿಮಿಷ ಕುದಿಸಿದ್ರೆ ಸಾಕು, ಯಾವ ಮಷೀನೂ ಬೇಡ. ಎಸ್‌ಡಿಎಸ್ ಇರೋ ಕಡೆ ಪೊಟ್ಯಾಸಿಯಂ ಉಪ್ಪು ಬೆರೆಸ್ಬೇಡಿ, ಮೊಸರಿನಂಗೆ ಬಿಳಿಯಾಗಿ ಕೂತುಬಿಡ್ತದೆ.

ಗಾಜಿನ ಮಣಿ

ಕೆಲ್ಸ ಮಾಡೋ ಎನ್‌ಜೈಮ್ ಬೇಕಾದಾಗ ನಮ್ಮಂಥ ಲ್ಯಾಬಿಗೆ ಇದು ಚೆನ್ನ. ಯೀಸ್ಟಿಗೆ 0.5 ಮಿಲಿಮೀಟರ್ ಸುಮಾರಿನ ಮಣಿ, 0.1ರದ್ದು ಬ್ಯಾಕ್ಟೀರಿಯಾಗೆ, ಅಂಗಡಿಯವ್ರು ಯಾವುದಾದ್ರೂ ಒಂದೇ ಅಂದ್ರೆ ನಂಬ್ಬೇಡಿ. ಎಳೆ ಫಂಗಸ್‌ಗೆ 0.5ರ ಜೊತೆ ದಪ್ಪದೊಂದೆರಡು ಮಣಿ ಸೇರಿಸಿದ್ರೆ ಗಂಟು ಬಿಡಿಸ್ತದೆ. ಮಣಿಗಳನ್ನ ಹೈಡ್ರೋಕ್ಲೋರಿಕ್ ಆಸಿಡಲ್ಲಿ ನೆನೆಸಿ, ಪಿಹೆಚ್ ಪೇಪರ್ ನ್ಯೂಟ್ರಲ್ ತೋರಿಸೋ ತನಕ ನೀರಲ್ಲಿ ತೊಳೆದು, ಓವನ್ನಲ್ಲಿ ಒಣಗಿಸಿ ಇಟ್ಕೊಂಡ್ರೆ ಮತ್ತೆ ಮತ್ತೆ ಬಳಸ್ಬೋದು.

ಸೆಲ್‌ನ ಐಸ್ ತಣ್ಣಗಿನ ಬಫರಲ್ಲಿ ಕದಡಿ, ಮಣಿನ ನೀರಿನ ಮಟ್ಟಕ್ಕಿಂತ ಚೂರು ಕೆಳಗಿರೋ ಹಂಗೆ ಹಾಕಿ, ಟ್ಯೂಬಲ್ಲಿ ಮೇಲೆ ಜಾಗ ಬಿಡಿ ಆದ್ರೆ ಜಾಸ್ತಿ ಬಿಡ್ಬೇಡಿ. ಜಾಗ ಇಲ್ಲಾಂದ್ರೆ ಮಣಿ ಓಡಾಡಲ್ಲ, ಜಾಸ್ತಿ ಇದ್ರೆ ನೊರೆ ಬರ್ತದೆ, ನೊರೆಯಲ್ಲಿ ಪ್ರೋಟೀನ್ ಕೆಡ್ತದೆ. ವೋರ್ಟೆಕ್ಸ್ ಫುಲ್ ಸ್ಪೀಡಲ್ಲಿ 30 ಸೆಕೆಂಡ್, ಐಸಲ್ಲಿ ಕಮ್ಮಿ ಅಂದ್ರೆ 30 ಸೆಕೆಂಡ್, ಹಿಂಗೆ ಐದರಿಂದ ಹತ್ತು ಸುತ್ತು. ಐಸಲ್ಲಿಡೋ ಹೊತ್ತನ್ನ ಕದೀಬೇಡಿ, ಗಾಜು ಗಾಜಿಗೆ ಉಜ್ಜಿ ಬಿಸಿ ಏರೋದು ಬೇಗ, ಕೈಗೆ ಗೊತ್ತಾಗೋ ಹೊತ್ತಿಗೆ ಎನ್‌ಜೈಮ್ ಹೋಗಿರ್ತದೆ.

ಆಮೇಲೆ ಮಣಿ ಮಧ್ಯ ಸಿಕ್ಕಿರೋ ರಸ ತೆಗೆಯೋದು ಹೇಗೆ? ಪಿಪೆಟ್ ಚುಚ್ಚಿ ಒದ್ದಾಡ್ಬೇಡಿ. ಟ್ಯೂಬಿನ ತಳಕ್ಕೆ ಬಿಸಿ ಮಾಡಿದ ಸಣ್ಣ ಸೂಜಿಯಲ್ಲಿ ತೂತು ಮಾಡಿ, ಅದನ್ನ ಇನ್ನೊಂದು ದೊಡ್ಡ ಟ್ಯೂಬೊಳಗೆ ಕೂರಿಸಿ ಮೆತ್ತಗೆ ಸ್ಪಿನ್ ಮಾಡಿ, ಮಣಿ ಮೇಲೆ ಉಳಿತದೆ ರಸ ಕೆಳಗಿಳೀತದೆ.

ಬಫರಿಗೆ ಪ್ರೋಟೀನ್ ಕಡಿಯೋ ಪ್ರೋಟಿಯೇಸ್‌ನ ತಡೆಯೋ ಪಿಎಂಎಸ್ಎಫ್ ಒಂದು ಮಿಲಿಮೋಲಾರ್ ಹಾಕಿ, ಫಂಗಸ್ ಒಳಗಿನ ವ್ಯಾಕ್ಯೂಲ್ ಒಡೆದ್ರೆ ಪ್ರೋಟಿಯೇಸ್ ತುಂಬಾ ಹೊರಗೆ ಬರ್ತದೆ. ಆದ್ರೆ ಅದನ್ನ ನೀರಲ್ಲಿ ಕರಗಿಸಿ ಇಟ್ಕೊಂಡ್ರೆ ಉಪಯೋಗ ಇಲ್ಲ, ಪಿಹೆಚ್ 8ರ ಬಫರಲ್ಲಿ ರೂಮ್ ಟೆಂಪರೇಚರಲ್ಲಿ ಅರ್ಧ ಗಂಟೆ ಚಿಲ್ಲರೆಗೇ ಅರ್ಧದಷ್ಟು ಹೋಗಿರ್ತದೆ. ಐಸೋಪ್ರೊಪನಾಲಲ್ಲಿ ಸ್ಟಾಕ್ ಮಾಡಿಟ್ಟು, ಒಡೆಯೋಕೆ ಸ್ವಲ್ಪ ಮುಂಚೆ ಹಾಕಿ, ಗ್ಲವ್ಸ್ ಹಾಕ್ಕೊಂಡು, ಅದು ವಿಷ.

ಶಬ್ದದ ಅಲೆಯಲ್ಲಿ ಸೆಲ್ ಒಡೆಯೋ ಸೋನಿಕೇಟರ್ ಇದೆ ಅಂತ ಕೆಲವ್ರು ಎಲ್ಲಕ್ಕೂ ಅದನ್ನೇ ಹಿಡೀತಾರೆ. ಒಪ್ಪೊ ಮಾತಲ್ಲ. ಎಳೆ ಫಂಗಸ್‌ನ ಅದೊಂದರಲ್ಲೇ ಒಡೆಯೋದು ಕಷ್ಟ, ಅರೆದ ಮೇಲೆ ಉಳಿದಿದ್ದನ್ನ ಒಡೆಯೋಕೆ ಚೆನ್ನಾಗಿದೆ. ಟ್ಯೂಬ್ ಪೂರ್ತಿ ಐಸಲ್ಲಿ, ಪ್ರೋಬ್ ತುದಿ ದ್ರವದೊಳಗೆ ಒಂದು ಸೆಂಟಿಮೀಟರ್ ಸುಮಾರು, ಗೋಡೆಗೂ ತಳಕ್ಕೂ ತಾಗದಂಗೆ, 10 ಸೆಕೆಂಡ್ ಆನ್ 20ರಿಂದ 30 ಸೆಕೆಂಡ್ ಆಫ್. ಕಿವಿಗೆ ಮುಚ್ಚಿಕೊಳ್ಳಿ. ಉದ್ದ ಡಿಎನ್‌ಎ ಬೇಕಾದವ್ರು ಹತ್ರನೂ ಹೋಗ್ಬೇಡಿ. ಒತ್ತಡದಲ್ಲಿ ಸಣ್ಣ ತೂತಿಂದ ತಳ್ಳಿ ಸೆಲ್ ಒಡೆಯೋ ಫ್ರೆಂಚ್ ಪ್ರೆಸ್, ಹೈ ಪ್ರೆಶರ್ ಹೋಮೋಜಿನೈಸರ್ ಅಂತೆಲ್ಲಾ ಇವೆ, ಯೀಸ್ಟಿಗೆ ಬಹಳ ಒಳ್ಳೇವು, ಎಳೆ ಇರೋದನ್ನ ಹಂಗೇ ಹಾಕಿದ್ರೆ ಸಣ್ಣ ತೂತು ಕಟ್ಕೊಳ್ತದೆ. ದೊಡ್ಡ ಲ್ಯಾಬಿಗೆ ಹೋದಾಗ ಕಲೀರಿ.

ಎನ್‌ಜೈಮಲ್ಲಿ ಗೋಡೆ ಕರಗಿಸೋದು

ಇದು ನನಗೆ ತುಂಬಾ ಇಷ್ಟವಾದ ವಿಧಾನ. ಗೋಡೆ ಮಾತ್ರ ಕರಗಿಸಿ, ಒಳಗಿನ ಜೀವ ಇರೋ ಸೆಲ್‌ನ ಗುಂಡಗೆ ಬರಿಮೈಯಲ್ಲಿ ಹೊರಗೆ ತರೋದು, ಅದಕ್ಕೇ ಪ್ರೋಟೋಪ್ಲಾಸ್ಟ್ ಅನ್ನೋದು. ಬಸವನಹುಳದ ಹೊಟ್ಟೆ ರಸದಲ್ಲಿ ಗ್ಲೂಕಾನ್ ಕಡಿಯೋ ಎನ್‌ಜೈಮ್ ಇದೆ, ಅದನ್ನ ಬಳಸಿ ಯೀಸ್ಟ್ ಪ್ರೋಟೋಪ್ಲಾಸ್ಟ್ ಮಾಡೋ ವಿಧಾನ 1957ರಲ್ಲೇ ಪ್ರಕಟ ಆಗಿತ್ತು. ಈಗ ಯೀಸ್ಟಿಗೆ ಜೈಮೋಲಿಯೇಸ್, ಲಿಟಿಕೇಸ್ ಸಿಗ್ತವೆ. ಎಳೆ ಫಂಗಸ್‌ಗೆ ಮಾರೋ ಲೈಸಿಂಗ್ ಎನ್‌ಜೈಮ್ ತೆಗೆಯೋದು ಟ್ರೈಕೋಡರ್ಮಾದಿಂದ. ಸೊರಗು ರೋಗ ಬರದೇ ಇರ್ಲಿ ಅಂತ ನಮ್ಮ ರೈತರು ಕೊಟ್ಟಿಗೆ ಗೊಬ್ಬರದ ಜೊತೆ ಕಲಸಿ ಟೊಮೇಟೊ ಸಾಲಿಗೆ ಹಾಕ್ತಾರಲ್ಲ, ಅದೇ ಟ್ರೈಕೋಡರ್ಮಾ. ಹೊಲದಲ್ಲಿ ಫ್ಯುಸೇರಿಯಂ ಮೇಲೆ ಸುತ್ಕೊಂಡು ಅದರ ಗೋಡೆನ ಕೈಟಿನೇಸ್ ಗ್ಲೂಕನೇಸ್ ಬಿಟ್ಟು ಕರಗಿಸ್ತದೆ, ಲ್ಯಾಬಲ್ಲಿ ಅದೇ ಕೆಲ್ಸ ಟ್ಯೂಬೊಳಗೆ.

ಮಾಡೋ ರೀತಿ: ಸ್ಪೋರ್ ಮೊಳೆತು ಒಂದು ರಾತ್ರಿ, 16ರಿಂದ 20 ಗಂಟೆ ಬೆಳೆದಿರೋ ಎಳೇ ಎಳೆ ತಗೊಳ್ಳಿ. ತೊಳೆದು, 0.6 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಇಲ್ಲಾ 1.2 ಮೋಲಾರ್ ಮೆಗ್ನೀಸಿಯಂ ಸಲ್ಫೇಟಲ್ಲಿ ಲೈಸಿಂಗ್ ಎನ್‌ಜೈಮ್ ಎಂಎಲ್‌ಗೆ 5ರಿಂದ 10 ಮಿಲಿಗ್ರಾಂ ಕರಗಿಸಿ, ಫಿಲ್ಟರ್ ಸ್ಟೆರಿಲೈಸ್ ಮಾಡಿ ಹಾಕಿ. 28ರಿಂದ 30 ಡಿಗ್ರಿ, ಬಹಳ ನಿಧಾನ ಶೇಕಿಂಗ್, ಅರ್ಧ ಗಂಟೆಗೊಂದು ಸಲ ಒಂದು ಹನಿ ಮೈಕ್ರೋಸ್ಕೋಪಲ್ಲಿ ನೋಡಿ. ಎರಡು ಗಂಟೆ ಸುಮಾರಿಗೆ ಎಳೆ ತುದಿಯಿಂದ ಗುಂಡು ಗುಂಡು ಹೊರಗೆ ಬರೋದು ಕಾಣ್ತದೆ, ಮೊದಲ ಸಲ ನೋಡಿದವ್ರು ಅಲ್ಲಿಂದ ಕಣ್ಣು ತೆಗೆಯಲ್ಲ. ನಾಲ್ಕು ಗಂಟೆ ದಾಟಿಸ್ಬೇಡಿ, ಬಂದಿದ್ದೂ ಸಾಯ್ತವೆ. ಆ ಉಪ್ಪು ಯಾಕೆ ಅಂದ್ರೆ ಗೋಡೆ ಇಲ್ಲದ ಸೆಲ್ ನೀರು ಕುಡಿದು ಒಡೀತದೆ. ಪ್ರೋಟೋಪ್ಲಾಸ್ಟ್ ಹೌದೋ ಅಲ್ವೋ ನೋಡೋಕೂ ಅದೇ ಪರೀಕ್ಷೆ, ಸ್ಲೈಡ್ ಮೇಲಿನ ಹನಿಗೆ ಪಕ್ಕದಿಂದ ಬರೀ ನೀರು ಬಿಡಿ, ಕಣ್ಣೆದುರೇ ಒಡೆದು ಮಾಯ ಆಗ್ಬೇಕು. ಆಗದೇ ಉಳಿದಿದ್ದು ಸ್ಪೋರ್.

ಒಳಗಿನ ಮೈಟೋಕಾಂಡ್ರಿಯಾ, ನ್ಯೂಕ್ಲಿಯಸ್ ಇಡಿಯಾಗಿ ಬೇಕು, ತುಂಬಾ ಉದ್ದ ಡಿಎನ್‌ಎ ಬೇಕು, ಫಂಗಸ್‌ಗೆ ಹೊಸ ಜೀನ್ ಸೇರಿಸ್ಬೇಕು ಅನ್ನೋರಿಗೆ ಇದೇ ದಾರಿ. ಬರೀ ಪಿಸಿಆರ್‌ಗೆ ಇಷ್ಟು ದುಬಾರಿ ಎನ್‌ಜೈಮ್ ಸುರಿಯೋದು ಬೇಡ.

ಒಡೆದಿದೆಯಾ ಅಂತ ನೋಡಿ ಮುಂದಕ್ಕೆ ಹೋಗಿ

ಜೆಲ್ ಓಡಿಸೋ ತನಕ ಕಾಯೋದ್ಯಾಕೆ? ಅರೆದದ್ದು ಒಂದು ಹನಿ ಸ್ಲೈಡ್ ಮೇಲೆ ಲ್ಯಾಕ್ಟೋಫೀನಾಲ್ ಕಾಟನ್ ಬ್ಲೂ ಹಾಕಿ 40 ಪಟ್ಟಿನ ಲೆನ್ಸಲ್ಲಿ ನೋಡಿ. ಉದ್ದ ಎಳೆಗಳು ಒಳಗೆಲ್ಲಾ ನೀಲಿ ತುಂಬ್ಕೊಂಡು ಕಂಡ್ರೆ ಒಡೆದಿಲ್ಲ, ತುಂಡು ತುಂಡಾಗಿ ಖಾಲಿ ಕೊಳವೆ ಥರ ಕಂಡ್ರೆ ಒಡೆದಿದೆ. ಯೀಸ್ಟ್ ಆದ್ರೆ ಕೌಂಟಿಂಗ್ ಚೇಂಬರಲ್ಲಿ ಮುಂಚೆ ಎಷ್ಟು ಇಡೀ ಸೆಲ್ ಇತ್ತು, ಆಮೇಲೆ ಎಷ್ಟು ಉಳೀತು ಎಣಿಸಿ. ಪ್ರೋಟೀನ್ ತೆಗೆಯೋರು ಎರಡೆರಡು ಸುತ್ತಿಗೊಂದು ಸಲ ಸ್ವಲ್ಪ ತೆಗೆದು ಬ್ರ್ಯಾಡ್‌ಫರ್ಡ್ (ಪ್ರೋಟೀನ್ ಅಳೆಯೋ ಪರೀಕ್ಷೆ) ಮಾಡಿ ಗ್ರಾಫ್ ಹಾಕಿ, ಎಲ್ಲಿ ಏರೋದು ನಿಲ್ತದೋ ಅಲ್ಲಿಗೆ ನಿಮ್ಮ ಫಂಗಸ್‌ಗೆ ಅಷ್ಟು ಸುತ್ತು ಸಾಕು. ಬಫರಲ್ಲಿ ಎಸ್‌ಡಿಎಸ್ ಇದ್ರೆ ಬ್ರ್ಯಾಡ್‌ಫರ್ಡ್ ಸುಳ್ಳು ಹೇಳ್ತದೆ, ನೆನಪಿರ್ಲಿ.

ಡಿಎನ್‌ಎ ಜೆಲ್ ಓದೋದೂ ಒಂದು ಕಲೆ. ಸ್ಯಾಂಪಲ್ ಹಾಕಿದ ಬಾವಿಯಲ್ಲೇ (ಜೆಲ್ಲಿನ ಗುಳಿ) ಹೊಳೀತಾ ಕೂತಿದ್ರೆ ಪಾಲಿಸ್ಯಾಕರೈಡ್ ಇಲ್ಲಾ ಪ್ರೋಟೀನ್ ಹಿಡ್ಕೊಂಡಿದೆ, ಇನ್ನೊಂದು ಸಲ ಕ್ಲೋರೋಫಾರ್ಮ್ ಕೊಡಿ. ಮೇಲಿಂದ ಕೆಳಗೆ ಬಳಿದಂಗೆ ಇದ್ರೆ ಜಾಸ್ತಿ ಒಡೆದಿದ್ದೀರ ಇಲ್ಲಾ ಅರೆಯೋವಾಗ ಕರಗೋಕೆ ಬಿಟ್ಟಿದ್ದೀರ. ಕೆಳಗಡೆ ಮಾತ್ರ ಮೋಡ ಇದ್ರೆ ಅದು ಆರ್‌ಎನ್‌ಎ. ಡಿಎನ್‌ಎ ಎಷ್ಟು ಕ್ಲೀನ್ ಅಂತ ತೋರಿಸೋ 260ಕ್ಕೆ 280 ನ್ಯಾನೋಮೀಟರ್ ಬೆಳಕಿನ ಅನುಪಾತ 1.8 ಬಂತು ಅಂತ ಖುಷಿ ಪಡೋಕೆ ಮುಂಚೆ 260ಕ್ಕೆ 230ರದ್ದೂ ನೋಡಿ, ಫಂಗಸಲ್ಲಿ ಕೈ ಕೊಡೋದು ಅದೇ.

ಜೋಪಾನ

ಕ್ಲೋರೋಫಾರ್ಮ್ ಫ್ಯೂಮ್ ಹುಡ್ ಒಳಗೆ ಮಾತ್ರ, ಅದರ ವೇಸ್ಟ್ ಬೇರೆ ಬಾಟಲಿಗೆ, ಸಿಂಕಿಗೆ ಬೇಡ. ಪಾಲಿಸ್ಟೈರೀನ್ ಟ್ಯೂಬಲ್ಲಿ ಹಾಕಿದ್ರೆ ಟ್ಯೂಬೇ ಕರಗ್ತದೆ, ಪಾಲಿಪ್ರೊಪಿಲೀನ್ ತಗೊಳ್ಳಿ. ಟ್ರೈಜಾಲ್ ಚೆಲ್ಲಿದ ಕಡೆ ಬ್ಲೀಚ್ ಹಾಕಿ ಒರೆಸೋಕೆ ಹೋಗ್ಬೇಡಿ, ಎರಡೂ ಸೇರಿದ್ರೆ ವಿಷದ ಗ್ಯಾಸ್ ಬರ್ತದೆ. ಆಸ್ಪರ್ಜಿಲಸ್ ಸ್ಪೋರ್ ಇರೋ ಪ್ಲೇಟ್ ತೆರೆದು ಫ್ಯಾನ್ ಕೆಳಗೆ ಕೆರೆಯೋದಂತೂ ಬೇಡವೇ ಬೇಡ, ಅಸ್ತಮಾ ಇರೋರಿಗೆ ಅಪಾಯ. ಉಳಿದ ಕಲ್ಚರ್ ಎಲ್ಲಾ 121 ಡಿಗ್ರಿ 15 ಪೌಂಡ್ ಒತ್ತಡದಲ್ಲಿ 20 ನಿಮಿಷ ಆಟೋಕ್ಲೇವ್ ಮಾಡಿಯೇ ಹೊರಗೆ.

ಕೊನೇದು, ಶಿಡ್ಲಘಟ್ಟ, ಚಿಂತಾಮಣಿ, ಮುಳಬಾಗಿಲು ಕಡೆಯಿಂದ ಬರೋ ಮಕ್ಕಳಿಗೆ. ಎಷ್ಟೋ ಜನರ ಮನೇಲಿ ರೇಷ್ಮೆ ಹುಳ ಇರ್ತದೆ. ಸುಣ್ಣಕಟ್ಟು ರೋಗ ತರೋದು ಬ್ಯೂವೇರಿಯಾ ಫಂಗಸ್, ರೇಷ್ಮೆ ಹುಳದ ಈ ರೋಗ ಫಂಗಸ್‌ನಿಂದಲೇ ಬರೋದು ಅಂತ 1835ರಲ್ಲೇ ಇಟಲಿಯ ಅಗೊಸ್ತಿನೊ ಬಾಸ್ಸಿ ತೋರಿಸಿಕೊಟ್ರು. ಇವತ್ತು ಅದೇ ಬ್ಯೂವೇರಿಯಾನ ಕೀಟ ನಿಯಂತ್ರಣಕ್ಕೆ ಅಂತ ಲ್ಯಾಬಲ್ಲಿ ಬೆಳೆಸಿ ಒಡೀತೀವಿ. ಅದರ ಬಿಳಿ ಪುಡಿ ಸ್ಪೋರ್ ಬಟ್ಟೆಗೆ, ಕೂದಲಿಗೆ ಅಂಟ್ಕೊಂಡು ಹುಳದ ಮನೆಗೆ ಹೋದ್ರೆ, ಅದರಲ್ಲೂ ಮಳೆ ಚಳಿ ಕಾಲದಲ್ಲಿ ಗಾಳಿ ತೇವ ಇದ್ದಾಗ, ಇಡೀ ಬೆಳೆ ಹೋಗ್ತದೆ, ಮನೆಯವ್ರ ತಿಂಗಳ ದುಡಿಮೆ ಅದು. ಏಪ್ರನ್ ಲ್ಯಾಬಲ್ಲೇ ಬಿಡಿ, ಮನೆಗೆ ಹೋದ ತಕ್ಷಣ ತಲೆಸ್ನಾನ ಮಾಡಿ ಬಟ್ಟೆ ಬದಲಾಯಿಸಿ, ಬ್ಯೂವೇರಿಯಾ ಮುಟ್ಟಿದ ದಿನ ಸೊಪ್ಪು ಹಾಕೋ ಕೆಲ್ಸ ಮನೇಲಿ ಬೇರೆಯವ್ರಿಗೆ ಬಿಟ್ಟುಕೊಡಿ. ಮನೇಲಿ ನಾಲ್ಕನೇ ಜ್ವರ (ಪೊರೆ ಬಿಡೋ ಹಂತ) ದಾಟಿರೋ ಹುಳ ಇದ್ರೆ ಆ ವಾರ ಬ್ಯೂವೇರಿಯಾ ಪ್ಲೇಟ್ ತೆರೆಯೋದೇ ಬೇಡ, ಗೈಡ್‌ಗೆ ಹೇಳಿ ಕೆಲ್ಸ ಮುಂದಕ್ಕೆ ಹಾಕ್ಕೊಳ್ಳಿ.